ಜೂನ್‌ನಲ್ಲಿ ಊರಿಗೆ ವಾಪಸ್, ಮನೆ ಸಾಮಾನಿಗೆ ಏನು ಮಾಡುತ್ತೀರಿ?

ಅಮ್ಮತ್ತಿ ಸೊಸೆ, ಇಂಗ್ಲೆಂಡಿನಿಂದ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಈ ಗುಂಪಿನಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಹನ್ನೆರಡು ವರ್ಷ ಆದ ಮೇಲೆ ಕೊಡಗಿಗೆ ವಾಪಸ್ ಹೋಗುವುದು ಅಂತ ಮಾಡಿದ್ದೇವೆ. ಹೋದ ವರ್ಷ ಅತ್ತೆ ತೀರಿಕೊಂಡರು. ಮಾವ ಅಮ್ಮತ್ತಿ ಕಡೆ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಮನೆಯಿಂದಲೇ ಕೆಲಸ ಮಾಡಲು ನನ್ನ ಗಂಡನ ಆಫೀಸಿನವರು ಒಪ್ಪಿದ್ದಾರೆ. ಮಗಳಿಗೆ ಹನ್ನೊಂದು, ಮಗನಿಗೆ ಆರು.

ಶಾಲೆ, ಇಂಟರ್ನೆಟ್ಟು ಇದರ ಬಗ್ಗೆ ಹಳೆಯ ಚರ್ಚೆಗಳನ್ನೆಲ್ಲ ಓದಿದೆ. ನನ್ನ ಭಯ ಬೇರೆ, ನಗಬೇಡಿ. ಅಲ್ಲಿ ಮನೆ ನಡೆಸುವುದು ಹೇಗೆ? ನಾನು ಬೆಳೆದದ್ದು ಮೈಸೂರಿನಲ್ಲಿ. ಇಲ್ಲಿ ಗುರುವಾರ ರಾತ್ರಿ ಊಟ ಆದ ಮೇಲೆ ಮಗಳು ಫೋನ್ ಹಿಡಿದು ನನ್ನ ಪಕ್ಕ ಕೂರುತ್ತಾಳೆ. ಹಿಂದಿನ ವಾರದ ಪಟ್ಟಿ ತಾನಾಗಿಯೇ ಬರುತ್ತದೆ. ಟಿಕ್, ಟಿಕ್, ಟಿಕ್. ಶನಿವಾರ ಬೆಳಗ್ಗೆ ವ್ಯಾನ್ ಬಂದು ಬಾಗಿಲಲ್ಲಿ ಸಾಮಾನು ಇಟ್ಟು ಹೋಗುತ್ತದೆ. ಹಾಲು ಎಷ್ಟು ಬೇಕು, ತಮ್ಮ ತಿನ್ನುವ ಸೀರಿಯಲ್ ಯಾವುದು, ಎಲ್ಲ ಅವಳಿಗೇ ಗೊತ್ತು.

ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಅವಳು ಅಲ್ಲಿನ ಆ್ಯಪ್ ಹಾಕಿಕೊಂಡಳು. ನಿಮ್ಮ ಪಿನ್‌ಕೋಡ್‌ಗೆ ಸೇವೆ ಇಲ್ಲ ಅಂತ ಬಂತು. "ಹಾಗಾದರೆ ಅಜ್ಜ ಊಟಕ್ಕೆ ಏನು ಮಾಡುತ್ತಾರೆ?" ಅಂತ ಕೇಳಿದಳು. ಮಾವ ನಕ್ಕರು. ನನಗೆ ಉತ್ತರ ಗೊತ್ತಿರಲಿಲ್ಲ.

ಪೇಟೆಗೆ ಎಂಟು ಕಿಲೋಮೀಟರ್. ಆ ರಸ್ತೆಯಲ್ಲಿ ಕಾರು ಓಡಿಸಲು ನನಗೆ ಧೈರ್ಯ ಸಾಲದು. ಜೂನ್ ಮೊದಲ ವಾರ ತಲುಪುತ್ತೇವೆ. ಮಳೆಗಾಲದಲ್ಲಿ ವಾರದ ಸಾಮಾನಿಗೆ ಏನು ಮಾಡುತ್ತೀರಿ? ಮಕ್ಕಳು ಹೊಂದಿಕೊಳ್ಳುತ್ತಾರಾ?

ಮಡಿಕೇರಿ ಹುಡುಗ, ಸಿಂಗಾಪುರ

ಅಭಿನಂದನೆಗಳು! ಮಕ್ಕಳ ಚಿಂತೆ ಬೇಡ. ನನ್ನ ಮಗ ಇಲ್ಲೇ ಹುಟ್ಟಿದವನು. ಒಂಬತ್ತು ವರ್ಷಕ್ಕೇ ಪಾಪುಟ್ಟು ಮಾಡುತ್ತಾನೆ. ಅಕ್ಕಿ ತರಿ, ಹಾಲು, ಕಾಯಿ ತುರಿ, ಎಲ್ಲ ಅವನದೇ ಅಳತೆ. ರಕ್ತದಲ್ಲೇ ಇರುತ್ತದೆ ಅದು.

ಟೊರಾಂಟೊ ಕೊಡಗು

ಅಕ್ಕಿ ತರಿ ಅಲ್ಲಿ ಎಲ್ಲಿ ಸಿಗುತ್ತದೆ ನಿಮಗೆ? ನಾವು ಇಡ್ಲಿ ರವೆಯಲ್ಲೇ ಕಡಂಬುಟ್ಟು (ಅಕ್ಕಿ ಕಡುಬು) ಮಾಡುತ್ತೇವೆ, ಬಿಗಿ ಬರುವುದಿಲ್ಲ. ಹಾಗೇ, ಈ ತಿಂಗಳು ಊರಿಂದ ಯಾರಾದರೂ ಈ ಕಡೆ ಬರುವವರಿದ್ದರೆ ಒಂದು ಬಾಟಲಿ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ತರುತ್ತೀರಾ? ಇದ್ದದ್ದು ತಳ ಕಂಡಿದೆ. ಪಂದಿ (ಹಂದಿ) ಕರಿಗೆ ಹುಣಸೆಹುಳಿ ಹಾಕಿ ತಿನ್ನುವ ಗತಿ ಬಂದಿದೆ.

ವಾಪಸ್ ಬಂದವಳು, ಪೊನ್ನಂಪೇಟೆ ಕಡೆ

ನಾನು 2021ರಲ್ಲಿ ಪರ್ತ್‌ನಿಂದ ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದವಳು. ಮೊದಲನೆಯ ಮಾತು, ಜೂನ್‌ನಲ್ಲಿ ಬರಬೇಡಿ. ಏಪ್ರಿಲ್‌ನಲ್ಲಿ ಬನ್ನಿ. ಶಾಲೆ ಮೇ ಕೊನೆಗೆ ಶುರುವಾಗುತ್ತದೆ. ಅಷ್ಟರಲ್ಲಿ ಮಕ್ಕಳು ಒಣ ನೆಲ ನೋಡಿರುತ್ತಾರೆ. ನೀವೂ ಆ ರಸ್ತೆಯಲ್ಲಿ ಹತ್ತು ಸಲ ಕಾರು ಓಡಿಸಿರುತ್ತೀರಿ. ಮಳೆಯಲ್ಲಿ ಕಲಿಯುವ ರಸ್ತೆ ಅಲ್ಲ ಅದು.

ಮನೆ ಸಾಮಾನಿಗೆ ಈಗ ಪೇಟೆಯ ಅಂಗಡಿಯವರು ವಾಟ್ಸಾಪ್‌ನಲ್ಲೇ ಪಟ್ಟಿ ತೆಗೆದುಕೊಳ್ಳುತ್ತಾರೆ. ಬೆಳಗ್ಗೆ ಚೀಟಿಯ ಫೋಟೋ ಕಳಿಸಿದರೆ ಮಧ್ಯಾಹ್ನಕ್ಕೆ ಕಟ್ಟಿಟ್ಟಿರುತ್ತಾರೆ. ಮಕ್ಕಳನ್ನು ಶಾಲೆಯಿಂದ ಕರೆತರುವಾಗ ಎತ್ತಿಕೊಳ್ಳಿ. ಇಲ್ಲ, ನಿಮ್ಮ ಕಡೆ ಬರುವ ಆಟೋದಲ್ಲಿ ಹಾಕಿ ಕಳಿಸುತ್ತಾರೆ. ದುಡ್ಡು ಫೋನ್‌ನಲ್ಲೇ. ಆದರೂ ಮನೆಯಲ್ಲಿ ಎರಡು ಸಾವಿರ ನಗದು ಇಟ್ಟಿರಿ. ಜುಲೈಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ಹಿಂದೆಯೇ ಟವರ್ ಹೋಗುತ್ತದೆ. ಆಗ ಫೋನ್ ಬರೀ ಟಾರ್ಚು.

ತರಕಾರಿಗೆ ಸಂತೆ. ಮೇ ಮುಗಿಯುವ ಮುಂಚೆ ಅಕ್ಕಿ, ಬೇಳೆ, ಎಣ್ಣೆ, ಒಣಮೀನು ತುಂಬಿಸಿಕೊಳ್ಳಿ. ಒಣಮೀನು ಮರೆಯಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ 61 ದಿನ ನಿಷೇಧ. ಕೇರಳದಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಟ್ರಾಲಿಂಗ್ ನಿಲ್ಲುತ್ತದೆ. ಕೇರಳದಿಂದ ಮಾಕುಟ್ಟ ಘಾಟಿ ಹತ್ತಿ ಬರುವ ಮೀನಿನ ಗಾಡಿ ಆಗ ಅಪರೂಪ, ಬಂದರೂ ರೇಟು ಕೇಳಿ ಸುಮ್ಮನಾಗಬೇಕು. ಎರಡನೇ ಸಿಲಿಂಡರ್ ಇರಲಿ. ಫ್ರೀಜರ್ ತುಂಬಿಸಬೇಡಿ, ಮೂರು ದಿನ ಕರೆಂಟ್ ಇಲ್ಲದಿದ್ದರೆ ಎಲ್ಲ ನಾಯಿಗೇ. ಉಪ್ಪು, ಬೆಂಕಿಪೊಟ್ಟಣ, ಮಗನ ಸೀರಿಯಲ್ ಗಾಳಿಯಾಡದ ಡಬ್ಬಿಗೆ ಹಾಕಿ. ಬಿಸ್ಕತ್ತು ಬಿಚ್ಚಿಟ್ಟರೆ ಒಂದು ಗಂಟೆಯಲ್ಲಿ ಬಟ್ಟೆಯ ಹಾಗೆ ಮಡಚಬಹುದು.

ನಿಮ್ಮ ಕಡೆ ಆನೆ ಜಾಸ್ತಿ. ಬೆಳಗಿನ ಜಾವ, ಸಂಜೆ ಕತ್ತಲಾದ ಮೇಲೆ ಮಕ್ಕಳನ್ನು ನಡೆದು ಕಳಿಸಬೇಡಿ. ಊರಿನ ವಾಟ್ಸಾಪ್ ಗುಂಪಿಗೆ ಮೊದಲ ದಿನವೇ ಸೇರಿ. ಆನೆ ಯಾವ ತೋಟದಲ್ಲಿದೆ ಅಂತ ಅಲ್ಲೇ ಬರುತ್ತದೆ.

ನ್ಯೂಜೆರ್ಸಿ ಅಂಕಲ್, 31 ವರ್ಷ

ಅಮ್ಮ, ನೇರ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ವಾಪಸ್ ಹೋಗುತ್ತಿದ್ದೀರಿ, ಒಳ್ಳೆಯದು. ಆದರೆ ಇಂಗ್ಲೆಂಡನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಬೇಡಿ. ಸೀರಿಯಲ್ ಡಬ್ಬಿಯಂತೆ, ವಾಟ್ಸಾಪ್ ಪಟ್ಟಿಯಂತೆ! ಮಗಳನ್ನು ವಾರವಾರ ಕೈ ಹಿಡಿದು ಸಂತೆಗೆ ಕರೆದುಕೊಂಡು ಹೋಗಿ. ಸೂಪರ್ ಮಾರ್ಕೆಟ್ಟಿಗೆ ಕಾಲಿಡಬೇಡಿ. ಸಂತೆ ಸತ್ತರೆ ಕೊಡಗು ಸತ್ತ ಹಾಗೆ. ಸೋಮವಾರಪೇಟೆ, ಶನಿವಾರಸಂತೆ, ನಮ್ಮ ಊರುಗಳ ಹೆಸರೇ ಸಂತೆಯ ದಿನದ್ದು. ನಾವು ಚಿಕ್ಕವರಿದ್ದಾಗ ಅಂಗಡಿಯಿಂದ ತರುತ್ತಿದ್ದದ್ದು ಉಪ್ಪು, ಸೀಮೆಎಣ್ಣೆ, ಬೆಲ್ಲ ಮೂರೇ. ಅಕ್ಕಿ ಗದ್ದೆಯದು. ಮಳೆಗಾಲಕ್ಕೆ ಕಣಿಲೆ (ಬಿದಿರಿನ ಮೊಳಕೆ), ಕೆಸ, ಕುಮ್ಮು (ಅಣಬೆ), ಗದ್ದೆ ಏಡಿ. ಯಾವ ಆ್ಯಪ್ ಇತ್ತು? ಈಗ ಗದ್ದೆ ಪಾಳು ಬಿಟ್ಟು ಪ್ಯಾಕೆಟ್ ಅಕ್ಕಿ ತಿನ್ನುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಹೋಯಿತಲ್ಲ, ಆಗ ಯಾವ ಆ್ಯಪ್ ಬಂತು ಹೇಳಿ.

ನಾಪೋಕ್ಲು ಮಗಳು, ಸಿಡ್ನಿ

ಅಂಕಲ್, 2018ರಲ್ಲಿ ಸಂತೆಯೂ ಬರಲಿಲ್ಲ. ನಮ್ಮ ಅಪ್ಪ ಅಮ್ಮ ಹತ್ತು ದಿನ ಪರಿಹಾರ ಕೇಂದ್ರದಲ್ಲಿದ್ದರು. ಹೊರಗಿನ ಜಿಲ್ಲೆಗಳಿಂದ ಲಾರಿಯಲ್ಲಿ ಬಂದ ಅಕ್ಕಿ, ಬಿಸ್ಕತ್ತು, ಕಂಬಳಿಯಲ್ಲಿ ದಿನ ಕಳೆದರು. ಎಲ್ಲ ಪ್ಯಾಕೆಟ್ಟೇ.

ನ್ಯೂಜೆರ್ಸಿ ಅಂಕಲ್, 31 ವರ್ಷ

ಅದನ್ನೇ ನಾನೂ ಹೇಳುತ್ತಿರುವುದು. ಗುಡ್ಡ ಅಗೆದು ರೆಸಾರ್ಟ್ ಕಟ್ಟಿದವರು ಯಾರು? ಗದ್ದೆ ಮಾರಿದವರು ಯಾರು?

ಸುಂಟಿಕೊಪ್ಪ, ಡಲ್ಲಾಸ್

ನೂರಕ್ಕೆ ನೂರು ಸತ್ಯ. ಗದ್ದೆ ಮಾಡಿ. ಮಕ್ಕಳಿಗೆ ನಾಟಿ ಕಲಿಸಿ.

ಸೋಮವಾರಪೇಟೆ, ಆಕ್ಲೆಂಡ್

ಗದ್ದೆಗೆ ಆಳು ಎಲ್ಲಿದ್ದಾರೆ? ನಾಟಿಗೆ ಜನ ಸಿಗದೆ ನಮ್ಮ ಅಣ್ಣ ನಾಲ್ಕು ವರ್ಷದಿಂದ ಗದ್ದೆ ಖಾಲಿ ಬಿಟ್ಟಿದ್ದಾನೆ. ಕಾಫಿ ಕೊಯ್ಯಲು ಬರುವ ಹೊರರಾಜ್ಯದವರಿಗೇ ಕಾದು ಕೂರಬೇಕು. ಡಲ್ಲಾಸ್‌ನಲ್ಲಿ ಕೂತು ನಾಟಿ ಮಾಡುವುದು ಸುಲಭ.

ಸುಂಟಿಕೊಪ್ಪ, ಡಲ್ಲಾಸ್

ವೈಯಕ್ತಿಕ ಮಾತು ಬೇಡ.

ವಿರಾಜಪೇಟೆ, ಮಸ್ಕತ್

ಇಲ್ಲಿ ನಮ್ಮ ಕಟ್ಟಡದ ಕೆಳಗೇ ಬಕಾಲ (ಚಿಕ್ಕ ದಿನಸಿ ಅಂಗಡಿ) ಇದೆ. ಮಗ ಫೋನ್ ಮಾಡಿ ಒಂದು ಪ್ಯಾಕೆಟ್ ಖುಬ್ಬೂಸ್ ರೊಟ್ಟಿ ಅಂದರೂ ಮೇಲೆ ತಂದುಕೊಡುತ್ತಾರೆ. ಲೆಕ್ಕ ಪುಸ್ತಕದಲ್ಲಿ, ತಿಂಗಳಿಗೊಮ್ಮೆ ದುಡ್ಡು. ನೋಡಿದಾಗೆಲ್ಲ ವಿರಾಜಪೇಟೆಯಲ್ಲಿ ನಮ್ಮ ಉಪ್ಪನ (ಅಪ್ಪನ) ಅಂಗಡಿ ನೆನಪಾಗುತ್ತದೆ. ಉದ್ದನೆಯ ಪುಸ್ತಕ, ಒಂದೊಂದು ಮನೆಗೆ ಒಂದೊಂದು ಪುಟ. ತೋಟದ ಕಾಫಿ ಮಾರಿದ ಮೇಲೆ ಜನ ಬಂದು ವರ್ಷದ ಬಾಕಿ ತೀರಿಸುತ್ತಿದ್ದರು. ಕೆಲವರು ತೀರಿಸಲೇ ಇಲ್ಲ. ಅಂಥ ಮನೆಯ ಪುಟಕ್ಕೆ ಉಪ್ಪ ಅಡ್ಡಗೆರೆ ಹಾಕುತ್ತಿರಲಿಲ್ಲ, ಪುಟದ ಮೂಲೆ ಮಡಚುತ್ತಿದ್ದರು, ಅಷ್ಟೇ. ಅಂಗಡಿ 2016ರಲ್ಲಿ ಮುಚ್ಚಿತು. ನಾನು ವಾಪಸ್ ಹೋಗಿ ಕೂತಿದ್ದರೆ ನಡೆಯುತ್ತಿತ್ತೋ ಏನೋ. ಪುಸ್ತಕ ನನ್ನ ಹತ್ತಿರವೇ ಇದೆ.

ಕ್ಷಮಿಸಿ, ಅಕ್ಕ ಕೇಳಿದ್ದು ಬೇರೆ.

ಕುಶಾಲನಗರ, ಸ್ಟುಟ್‌ಗಾರ್ಟ್

ಹೊಂದಿಕೊಳ್ಳುವುದಕ್ಕೆ ಒಂದು ಮಾತು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳೆಲ್ಲ ಬಂದ್. ಬೆಂಗಳೂರಿನಿಂದ ಬಂದ ಹೊಸತರಲ್ಲಿ ನನ್ನ ಹೆಂಡತಿ ಅಳುವುದೊಂದು ಬಾಕಿ. ಅಲ್ಲಿ ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತರಿಸುತ್ತಿದ್ದವಳು. ಈಗ ಶನಿವಾರ ಮಕ್ಕಳೇ ಖಾಲಿ ಪ್ಲಾಸ್ಟಿಕ್ ಬಾಟಲಿ ಚೀಲಕ್ಕೆ ತುಂಬಿ ಹೊರಡುತ್ತಾರೆ. ಮಷೀನಿಗೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್. ಆ ದುಡ್ಡು ಅವರದು. ಮಕ್ಕಳಿಗೆ ಒಂದು ಕೆಲಸ ಕೊಟ್ಟುಬಿಡಿ, ಊರು ಯಾವುದಾದರೂ ನಡೆಯುತ್ತದೆ.

ನ್ಯೂಜೆರ್ಸಿ ಅಂಕಲ್, 31 ವರ್ಷ

ಕೆಲಸ ಬೇಕಿದ್ದರೆ ಸಂತೆ ಚೀಲ ಹೊರಿಸಿ. ನಾನು ಎಂಟು ವರ್ಷದವನಿದ್ದಾಗ ಸಂತೆಯಿಂದ ನಾಲ್ಕು ಮೈಲಿ ನಡೆದು ಬರುತ್ತಿದ್ದೆ.

ನಾಪೋಕ್ಲು ಮಗಳು, ಸಿಡ್ನಿ

ಚೀಲ ಯಾರ ತಲೆಯ ಮೇಲಿತ್ತು ಅಂಕಲ್?

ನ್ಯೂಜೆರ್ಸಿ ಅಂಕಲ್, 31 ವರ್ಷ

ಅಂದರೆ?

ನಾಪೋಕ್ಲು ಮಗಳು, ಸಿಡ್ನಿ

ನಮ್ಮ ಮನೆಯಲ್ಲಿ ಅಮ್ಮನ ತಲೆಯ ಮೇಲಿತ್ತು. ಅಪ್ಪ ಕೊಡೆ ಹಿಡಿದು ಮುಂದೆ ಹೋಗುತ್ತಿದ್ದರು, ಮಧ್ಯೆ ನಾವು, ಹಿಂದೆ ಅಮ್ಮ. ಮನೆ ಮುಟ್ಟಿದ ಮೇಲೆ ಅಪ್ಪ ಪೇಪರ್ ಓದುತ್ತಿದ್ದರು. ಅಮ್ಮ ಒದ್ದೆ ಸೀರೆಯಲ್ಲೇ ಕೂತು ಬೆಲ್ಲವನ್ನು ಭರಣಿಗೆ ಹಾಕಿ, ಒಣಮೀನು ಸುತ್ತಿದ ಕಾಗದ ಬಿಚ್ಚಿ, ಒಂದೊಂದೇ ಮೀನನ್ನು ಒಲೆಯ ಮೇಲಿನ ಅಟ್ಟದಲ್ಲಿ ಸಾಲಾಗಿ ಇಡುತ್ತಿದ್ದರು. ಕಣಿಲೆ ಸುಲಿದು ಹೆಚ್ಚಿ, ಕಹಿ ಬಿಡುವವರೆಗೆ ದಿನಾ ನೀರು ಬದಲಿಸುತ್ತಿದ್ದವರೂ ಅವರೇ. ಕೆಸ ಸರಿಯಾಗಿ ಬೇಯದೆ ಗಂಟಲು ತುರಿಸಿದರೆ ಬೈಸಿಕೊಳ್ಳುತ್ತಿದ್ದವರೂ ಅವರೇ. ಈಗ ಅಮ್ಮನಿಗೆ ಎಪ್ಪತ್ತೊಂದು. ಅಂಗಡಿಗೆ ಫೋಟೋ ಕಳಿಸುವುದು ಕಲಿತಿದ್ದಾರೆ. ಆಟೋ ಬಂದು ಗೇಟಿನಲ್ಲಿ ಹಾರ್ನ್ ಹೊಡೆದರೆ ಮುಖ ನೋಡಬೇಕು ನೀವು.

ಟೊರಾಂಟೊ ಕೊಡಗು

❤️ ಇಲ್ಲೂ ಅದೇ ಕಥೆ. (ಕಾಚಂಪುಳಿ ಬಗ್ಗೆ ಯಾರೂ ಹೇಳಲಿಲ್ಲ.)

ಮಡಿಕೇರಿ ಹುಡುಗ, ಸಿಂಗಾಪುರ

ಮಕ್ಕಳ ಜೊತೆ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ? ಅದು ಮುಖ್ಯ ಅಲ್ವಾ? ಕೊಡವ ತಕ್ಕೋ, ಕನ್ನಡವೋ?

ಸುಳ್ಯ ಗಡಿ, ದೋಹಾ

ಅರೆಭಾಷೆಯನ್ನು ಮಾತ್ರ ಯಾರೂ ಕೇಳುವುದಿಲ್ಲ ನೋಡಿ.

(ಇಲ್ಲಿಂದ ಭಾಷೆಯ ಮೇಲೆ ಹದಿನೇಳು ಉತ್ತರ ಬಂದಿವೆ. ಅವನ್ನು ಬೇರೆ ಚರ್ಚೆಗೆ ಹಾಕಿದ್ದೇನೆ. ದಯವಿಟ್ಟು ಅಕ್ಕನ ಪ್ರಶ್ನೆಗೆ ಮಾತ್ರ ಉತ್ತರಿಸಿ. ಗುಂಪು ನೋಡಿಕೊಳ್ಳುವವರು)

ನ್ಯೂಜೆರ್ಸಿ ಅಂಕಲ್, 31 ವರ್ಷ

ಉತ್ತರ ಕೊಟ್ಟಾಗಿದೆ. ಸಂತೆ.

ಅಮ್ಮತ್ತಿ ಸೊಸೆ, ಇಂಗ್ಲೆಂಡಿನಿಂದ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಓದುತ್ತಾ ಓದುತ್ತಾ ನಾನು ಕೇಳಿದ್ದೇನು ಅನ್ನುವುದೇ ಮರೆತುಹೋಯಿತು. ಸುಮ್ನೆ ಒಂದು ಕೇಳುತ್ತೇನೆ. ಸಂತೆ, ಸಂತೆ ಅಂತ ಎಲ್ಲರೂ ಹೇಳಿದಿರಿ. ನಮ್ಮ ಕಡೆಯವರಿಗೆ ಸಂತೆ ಯಾವ ದಿನ?

ಸುಂಟಿಕೊಪ್ಪ, ಡಲ್ಲಾಸ್

ಶುಕ್ರವಾರ ಇರಬೇಕು.

ಸೋಮವಾರಪೇಟೆ, ಆಕ್ಲೆಂಡ್

ಶುಕ್ರವಾರ ಮಡಿಕೇರಿ. ನಮ್ಮದು ಸೋಮವಾರ, ಕುಶಾಲನಗರ ಮಂಗಳವಾರ.

ವಾಪಸ್ ಬಂದವಳು, ಪೊನ್ನಂಪೇಟೆ ಕಡೆ

ನಿಮಗೆ ಹತ್ತಿರ ವಿರಾಜಪೇಟೆ, ಅದು ಬುಧವಾರ. ಗೋಣಿಕೊಪ್ಪ ಭಾನುವಾರ. ಮಕ್ಕಳಿಗೆ ರಜೆ ಇರುತ್ತದೆ ಅಂತ ನಾನು ಗೋಣಿಕೊಪ್ಪಕ್ಕೆ ಹೋಗುತ್ತೇನೆ. ತೋಟಗಳಲ್ಲಿ ಸಂತೆ ದಿನವೇ ವಾರದ ರಜೆ, ಕೆಲಸದವರೆಲ್ಲ ಬಟವಾಡೆ ದುಡ್ಡು ಹಿಡಿದು ಬಂದಿರುತ್ತಾರೆ. ಹತ್ತು ಗಂಟೆ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಎಂಟಕ್ಕೇ ಹೋಗಿ. ಮಗಳಿಗೆ ನೂರು ರೂಪಾಯಿ ಕೊಟ್ಟು ಸೊಪ್ಪು ತರಲು ಬಿಡಿ. ಚೌಕಾಸಿ ಕಲಿಯಲು ನನ್ನವಳಿಗೆ ಎರಡು ತಿಂಗಳು ಬೇಕಾಯಿತು. ಈಗ ಅವಳ ಜೊತೆ ಹೋಗಲು ನನಗೇ ನಾಚಿಕೆ.

ಮರೆತಿದ್ದೆ. ಮಕ್ಕಳ ಓಸಿಐ ಕಾರ್ಡ್ (ವಿದೇಶಿ ಪಾಸ್‌ಪೋರ್ಟ್ ಇರುವ ಭಾರತ ಮೂಲದವರದು) ಈಗಲೇ ಮಾಡಿಸಿ. ಮತ್ತೆ ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮಾವ ಮದ್ದು ಸೊಪ್ಪಿನ ಪಾಯಸ ಮಾಡಿಸಿಯೇ ಮಾಡಿಸುತ್ತಾರೆ. ಅದನ್ನು ತಿಂದರೆ ಮೂತ್ರ ಕೆಂಪಗೆ ಹೋಗುತ್ತದೆ ಅಂತ ಮಗನಿಗೆ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ. ಬೆಳಗ್ಗೆ ಆರು ಗಂಟೆಗೆ ಬಚ್ಚಲಿನಿಂದ ಬಂದ ಕಿರುಚಾಟಕ್ಕೆ ಪಕ್ಕದ ತೋಟದವರು ಓಡಿ ಬಂದಿದ್ದರು.

ಅಮ್ಮತ್ತಿ ಸೊಸೆ, ಇಂಗ್ಲೆಂಡಿನಿಂದ

😂 ಹೇಳಿಡುತ್ತೇನೆ. ಟಿಕೆಟ್ ಏಪ್ರಿಲ್‌ಗೆ ಬದಲಿಸಬಹುದಾ ನೋಡುತ್ತಿದ್ದೇವೆ. ಇಲ್ಲಿನ ಶಾಲೆ ಜುಲೈವರೆಗೆ ಇದೆ, ಮಧ್ಯದಲ್ಲಿ ಬಿಡಿಸಬೇಕು.

ನಿನ್ನೆ ಮಾವನಿಗೆ ಫೋನ್ ಮಾಡಿ ಸಂತೆ ವಿಷಯ ಕೇಳಿದೆ. ಮೊದಲು ಕಾಫಿ ಹೂ ಅರಳಿಸುವ ಹೂ ಮಳೆ ಎಷ್ಟು ಇಂಚು ಬಂತು ಅಂತ ಹೇಳಿದರು. ಆಮೇಲೆ ಮೆಲ್ಲಗೆ ಹೇಳಿದರು, ಅವರು ಸಂತೆಗೆ ಹೋಗದೆ ಮೂರು ವರ್ಷ ಆಯಿತಂತೆ. ಮಂಡಿ ನೋವು. ವಾರಕ್ಕೊಮ್ಮೆ ಆಟೋದವರು ಒಂದು ಚೀಲ ತಂದು ಜಗಲಿಯಲ್ಲಿ ಇಟ್ಟು ಹೋಗುತ್ತಾರೆ. ಪಟ್ಟಿ ಗಿಟ್ಟಿ ಏನೂ ಇಲ್ಲ. ಅತ್ತೆ ಇದ್ದಾಗ ಏನು ತರಿಸುತ್ತಿದ್ದರೋ ಈಗಲೂ ಅದೇ ಬರುತ್ತದೆ. ಇಬ್ಬರ ಲೆಕ್ಕದ ತರಕಾರಿ, ಜೊತೆಗೆ ಅತ್ತೆಗೆ ಎಲೆ ಅಡಿಕೆ. ಬೇಡ ಅಂತ ಇವರು ಹೇಳಿಲ್ಲ.

ವಾಪಸ್ ಬಂದವಳು, ಪೊನ್ನಂಪೇಟೆ ಕಡೆ

ಆ ಆಟೋದವರ ನಂಬರ್ ಇವತ್ತೇ ತೆಗೆದುಕೊಳ್ಳಿ.