ಗೋಧಿಗೆ ಕೀಟನಿರೋಧಕ ತಳಿ: ತಜ್ಞರನ್ನು ಕೇಳಿ

ಅಡ್ಮಿನ್: ಗೋಧಿಯಲ್ಲಿ ಕೀಟನಿರೋಧಕ ತಳಿ ಅಭಿವೃದ್ಧಿ ಬಗ್ಗೆ ಇವತ್ತು ಮೇಡಂ ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಹಸಿರೆಲೆ: ನಮಸ್ಕಾರ ಮೇಡಂ. ಎಲ್ಲಾ ಕೀಟಕ್ಕೂ ತಡೆ ಇರೋ ಗೋಧಿ ತಳಿ ಯಾವುದು?

ತಳಿತಜ್ಞೆ: ನಮಸ್ಕಾರ. ಅಂಥದ್ದು ಇಲ್ಲ. ಮರಿಹುಳು ಗೋಧಿಯ ಬುಡ ತಿನ್ನೋ ಹೆಸ್ಸಿಯನ್ ನೊಣವನ್ನ ತಡೆಯೋ ಎಚ್13 ವಂಶವಾಹಿ ಗಿಡಹೇನಿಗೆ ಏನೂ ಮಾಡಲ್ಲ. ಯಾವ ಕೀಟ ಅಂತ ಹೇಳಿ, ಆಮೇಲೆ ಮಾತಾಡೋಣ.

ಟ್ರೇ ಏಳು: ಮೇಡಂ, ಹೆಸ್ಸಿಯನ್ ನೊಣಕ್ಕೆ ತಡೆ ಇರೋ ಸಾಲನ್ನ ತಡೆ ಇಲ್ಲದ ತಳಿ ಜತೆ ಕ್ರಾಸ್ ಮಾಡಿದ್ವಿ. ಎಫ್2 (ಕ್ರಾಸ್‌ನ ಎರಡನೇ ತಲೆಮಾರು) ಸಸಿ 96. ಒಂದೂವರೆ ಎಲೆ ಇದ್ದಾಗ ನೊಣ ಬಿಟ್ಟು 16 ದಿನ ಆಯ್ತು. 89 ಚೆನ್ನಾಗಿವೆ, 7 ಹುಳು ತಿಂದು ಕುಳ್ಳಾಗಿ ಕಡುಹಸಿರಾಗಿವೆ. ದಾನಿಯಲ್ಲಿ (ತಡೆ ಇರೋ ಸಾಲಲ್ಲಿ) ಇರೋದು ಒಂದೇ ಪ್ರಬಲ ವಂಶವಾಹಿ ಅಂದುಕೊಂಡಿದ್ವಿ. ಇದು 15:1ಕ್ಕೆ ಕೂತಿದೆ. ಎರಡು ವಂಶವಾಹಿ ಅಂತ ಬರೆದುಬಿಡಬಹುದಾ?

ತಳಿತಜ್ಞೆ: ಬರೆಯಬೇಡಿ. ಹೋಲಿಕೆಗೆ ಹಾಕಿದ ತಡೆ ಇಲ್ಲದ ಚೆಕ್ ಸಾಲು ಏನಾಯ್ತು?

ಟ್ರೇ ಏಳು: 20 ಸಸಿಯಲ್ಲಿ 14 ಕುಳ್ಳಾದವು. ಚೆಕ್ ಸಾಲು ಟ್ರೇಯ ಒಂದು ಅಂಚಿನಲ್ಲಿದೆ, ಬೆಳಕಿನ ಕಡೆ.

ತಳಿತಜ್ಞೆ: ಸಮಸ್ಯೆ ಅಲ್ಲೇ ಇದೆ. ಚೆಕ್‌ನಲ್ಲೇ 6 ಸಸಿ ತಪ್ಪಿಸಿಕೊಂಡಿವೆ. ಹುಳು ಮುಟ್ಟದ ಗಿಡವೂ ನೋಡೋಕೆ ನಿರೋಧಕದ ಥರಾನೇ ಇರುತ್ತೆ. ನಿಮ್ಮ ಅಂಕಿಗೆ ಎರಡು ವಂಶವಾಹಿಯ 15:1 ಚೆನ್ನಾಗಿ ಹೊಂದುತ್ತೆ ನಿಜ (90 ಮತ್ತು 6 ಬರಬೇಕು), ಒಂದೇ ವಂಶವಾಹಿಯ 3:1 ಹೊಂದಲ್ಲ (72 ಮತ್ತು 24). ಆದರೆ ಆ 24ರಲ್ಲಿ ಶೇ. 30 ತಪ್ಪಿಸಿಕೊಂಡಿದ್ದರೂ ಸುಮಾರು 17 ಕುಳ್ಳಾಗಬೇಕಿತ್ತು, ಆಗಿರೋದು 7. ಹಾಗಾಗಿ ಒಂದೋ ಎರಡು ವಂಶವಾಹಿ ಇವೆ, ಇಲ್ಲವೇ ನೊಣಗಳೆಲ್ಲ ಬೆಳಕಿನ ಅಂಚಿಗೆ ಹೋಗಿ ನಡುವಿನ ಸಾಲುಗಳಿಗೆ ಸರಿಯಾಗಿ ಮೊಟ್ಟೆಯನ್ನೇ ಇಟ್ಟಿಲ್ಲ. ಟ್ರೇ ನೋಡದೆ ನಾನು ಎರಡನೆಯದನ್ನೇ ಮೊದಲು ಅನುಮಾನಿಸ್ತೀನಿ.

ಈಗ ಮಾಡಬೇಕಾದ್ದು ಇಷ್ಟು. ಚೆನ್ನಾಗಿರೋ ಸಸಿಗಳ ಮೊದಲೆಲೆಯ ಕವಚವನ್ನ ಸೂಜಿಯಿಂದ ಬುಡದವರೆಗೆ ನಿಧಾನ ಬಿಡಿಸಿ. ಸುಳಿ ಮುರಿಯಬಾರದು, ಗಿಡ ಬದುಕಿ ಬೀಜ ಕೊಡಬೇಕು. ಒಳಗೆ ಸಣ್ಣ ಕೆಂಪು ಮರಿಹುಳು ಸತ್ತು ಅಂಟಿಕೊಂಡಿದ್ದರೆ ಅದು ನಿಜವಾದ ನಿರೋಧಕ: ಹುಳು ಬಂದು, ತಿನ್ನೋಕೆ ನೋಡಿ, ಮೊದಲ ಹಂತದಲ್ಲೇ ಸತ್ತಿದೆ. ದಪ್ಪಗೆ ಬೆಳ್ಳಗಿರೋ ಹುಳು ಸಿಕ್ಕರೆ ಅದು ತಿಂದು ಬೆಳೆದದ್ದು. ಏನೂ ಸಿಗದಿದ್ದರೆ "ಗೊತ್ತಿಲ್ಲ" ಅಂತಲೇ ಬರೆಯಿರಿ. "ನಿರೋಧಕ" ಅಂತ ಬರೆಯೋ ಹಾಗಿಲ್ಲ.

ಆಮೇಲೆ ಪ್ರತಿ ಗಿಡದ ಬೀಜ ಬೇರೆ ಬೇರೆ ಇಟ್ಟು ಎಫ್3 (ಮುಂದಿನ ತಲೆಮಾರು) ಪರೀಕ್ಷೆ. ವಂಶವಾಹಿ ಒಂದೇ ಆಗಿದ್ದರೆ ನಿರೋಧಕ ಗಿಡಗಳಲ್ಲಿ ಮೂರರಲ್ಲಿ ಒಂದರ ಸಂತತಿ ಪೂರ್ತಿ ನಿರೋಧಕ, ಉಳಿದೆರಡರದ್ದು 3:1 ಒಡೆಯುತ್ತೆ. ಎರಡಿದ್ದರೆ 15ರಲ್ಲಿ 7 ಒಡೆಯಲ್ಲ, 4 ಕುಟುಂಬ 3:1, ಇನ್ನು 4 ಕುಟುಂಬ 15:1. "ನಿರೋಧಕ" ಅಂದುಕೊಂಡಿದ್ದ ಗಿಡದ ಸಂತತಿ ಪೂರ್ತಿ ಕುಳ್ಳಾದರೆ ಅದು ತಪ್ಪಿಸಿಕೊಂಡ ಗಿಡ, ಅನುಮಾನವೇ ಬೇಡ. ಕುಟುಂಬಕ್ಕೆ 16 ಸಸಿ ಇದ್ದರೆ 3:1 ಒಡೆಯೋದು ಕಣ್ಣು ತಪ್ಪೋ ಸಾಧ್ಯತೆ ಶೇ. 1 ಮಾತ್ರ. 15:1 ಹಿಡಿಯೋಕೆ 16 ಸಾಲದು, ಅದೇ ಶೇ. 1ಕ್ಕೆ 72 ಬೇಕು. ಎಲ್ಲರೂ ಎಡವೋದು ಇಲ್ಲೇ.

ಮುಂದಿನ ಸಲ ಚೆಕ್ ಸಸಿಗಳನ್ನ ಅಂಚಿಗೆ ತಳ್ಳದೆ ಸಾಲುಗಳ ನಡುನಡುವೆ ಹಾಕಿ. ನೊಣ ಬಿಟ್ಟ ಮೇಲೆ ಪಂಜರದ ಗಾಳಿ ಒಣಗದಂತೆ ನೋಡಿಕೊಳ್ಳಿ. ಮೊಟ್ಟೆ ಎಲೆಯ ಮೇಲ್ಭಾಗದಲ್ಲಿರುತ್ತೆ, ಮರಿ ಅಲ್ಲಿಂದ ಬುಡಕ್ಕೆ ತೆವಳಬೇಕು. ಗಾಳಿ ಒಣಗಿದರೆ ದಾರಿಯಲ್ಲೇ ಸಾಯುತ್ತೆ, ನಿಮಗೆ ಸುಳ್ಳು ನಿರೋಧಕ ಸಿಗುತ್ತೆ. ಬಿಸಿಯೂ ಏರಬಾರದು. ಕೆಲವು ಎಚ್ ವಂಶವಾಹಿಗಳ ತಡೆ ಶಾಖಕ್ಕೆ ಸಡಿಲವಾಗುತ್ತೆ, ಆಗ ತಪ್ಪು ಉಲ್ಟಾ ದಿಕ್ಕಿಗೆ ಬರುತ್ತೆ.

ಬೀಜದಡಬ್ಬಿ: *ಹಲವು ಬಾರಿ ಫಾರ್ವರ್ಡ್ ಆಗಿದೆ* ಗೋಧಿ ಬೀಜವನ್ನ ಬೆಳ್ಳುಳ್ಳಿ ರಸ, ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿದರೆ ಮೂರು ತಲೆಮಾರು ಕೀಟ ಹತ್ತಿರ ಬರಲ್ಲ!! ಎಲ್ಲರಿಗೂ ಕಳಿಸಿ 🙏

ತಳಿತಜ್ಞೆ: ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ಇಟ್ಟರೆ ಮೊಳಕೆ ಹೋಗುತ್ತೆ. ಮೊಳೆಯದ ಬೀಜಕ್ಕೆ ಕೀಟ ಬರಲ್ಲ, ಅಷ್ಟರ ಮಟ್ಟಿಗೆ ಸರಿ. ನೆನೆಸಿದ್ದು ಸಂತತಿಗೆ ದಾಟಲ್ಲ.

ಬೀಜದಡಬ್ಬಿ: ಸಾರಿ ಮೇಡಂ, ಬಂದಿದ್ದನ್ನ ಕಳಿಸಿದೆ. ಹಾಗಾದ್ರೆ ಕ್ರಾಸ್ ಮಾಡಿದ ಬೀಜದ ಪೊಟ್ಟಣಗಳಿಗೆ ಹುಳ ಹಿಡೀದಂಗೆ ಫಾಸ್ಫೀನ್ ಮಾತ್ರೆ ಒಂದೊಂದು ಇಡಬಹುದಾ? ಪೊಟ್ಟಣ ಮಲಗೋ ಕೋಣೆ ಬೀರುವಿನಲ್ಲಿವೆ.

ತಳಿತಜ್ಞೆ: ಇಡಬೇಡಿ. ಈಗಾಗಲೇ ಇಟ್ಟಿದ್ದರೆ ಎಲ್ಲರೂ ಮನೆಯಿಂದ ಹೊರಗೆ ಬನ್ನಿ, ನೀವೇ ತೆಗೆಯೋಕೆ ಹೋಗಬೇಡಿ, ಅಗ್ನಿಶಾಮಕದವರನ್ನ ಕರೆಸಿ. ಗಾಳಿಯ ತೇವಕ್ಕೇ ಆ ಮಾತ್ರೆ ವಿಷಾನಿಲ ಬಿಡುತ್ತೆ, ಮುಚ್ಚಿದ ಕೋಣೆಯಲ್ಲಿ ಜನ ಸತ್ತಿದ್ದಾರೆ. ಬೀಜವನ್ನ ಶೇ. 12ಕ್ಕಿಂತ ಕಡಿಮೆ ತೇವಕ್ಕೆ ಒಣಗಿಸಿ, ಗಾಳಿಯಾಡದ ಪೊಟ್ಟಣದಲ್ಲಿ ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಡಿ. ಹೊರಗೆ ತೆಗೆದ ಮೇಲೆ ತಣ್ಣಗಿರುವಾಗಲೇ ಬಿಚ್ಚಬೇಡಿ, ನೀರು ಬೀಜದ ಮೇಲೆ ಕೂರುತ್ತೆ.

ಬೀಜದಡಬ್ಬಿ: ಇಟ್ಟಿಲ್ಲ ಮೇಡಂ, ಇಡಲ್ಲ.

ಕಾಳುಕಡ್ಡಿ: ತೆನೆ ಮಿಡ್ಜ್‌ಗೆ (ಮರಿಹುಳು ಕಾಳು ತಿನ್ನೋ ಸಣ್ಣ ನೊಣ) ತಡೆ ಇರೋ ಎಸ್‌ಎಂ1 ವಂಶವಾಹಿಯ ಗೋಧಿಯನ್ನ ಕೆನಡಾದಲ್ಲಿ ಮಾರೋವಾಗ ಬೇಕಂತಲೇ ಶೇ. 10 ತಡೆ ಇಲ್ಲದ ಬೀಜ ಬೆರೆಸ್ತಾರಂತೆ. ರೈತರಿಗೆ ಮೋಸ ಅಲ್ವಾ ಇದು?

ತೆನೆಗಾರ: ಮೋಸ ಅಲ್ಲಣ್ಣಾ. 2010ರಿಂದ ಹಾಗೇ ಬೆರೆಸಿ ಕೊಡೋದು. ನಿರೋಧಕ ತೆನೆಯಲ್ಲಿ ಬದುಕಿದ ಒಂದೆರಡು ಮಿಡ್ಜ್ ತಮ್ಮತಮ್ಮಲ್ಲೇ ಕೂಡಿದರೆ ಒಗ್ಗಿದ ಸಂತತಿ ಹುಟ್ಟುತ್ತೆ. ಆ ಹತ್ತರಲ್ಲಿ ಬೆಳೆದ ಸಾಮಾನ್ಯ ಮಿಡ್ಜ್ ಜತೆ ಕೂಡಲಿ ಅಂತ ಬೆರೆಸೋದು.

ಕಾಳುಕಡ್ಡಿ: ಕೀಟ ಸಾಕೋಕೆ ನಾವು ಬಿತ್ತಬೇಕಾ? ಚೆನ್ನಾಗಿದೆ.

ತೆನೆಗಾರ: ಎಸ್‌ಎಂ1 ಮುರಿದರೆ ಪೂರ್ತಿ ಹೊಲವೇ ಕೀಟ ಸಾಕುತ್ತೆ. ಓದಿಕೊಂಡು ಬನ್ನಿ.

ಕಾಳುಕಡ್ಡಿ: ಓದಿದ್ದೀನಿ ಸ್ವಾಮಿ. ಕಂಪನಿ ಪರ ವಕಾಲತ್ತು ಬೇಡ.

ಹಸಿರೆಲೆ: ಮೇಡಂ, ಕೀಟ ಬರದ ಒಂದು ಒಳ್ಳೆ ತಳಿ ಹೆಸರು ಹೇಳಿ ಸಾಕು.

ತಳಿತಜ್ಞೆ: ಮೇಲೆ ಹೇಳಿದ್ದೀನಿ. ಕೀಟದ ಹೆಸರು?

ತೆನೆಗಾರ: ವಕಾಲತ್ತಾ? ನಿಮಗೆ ಅರ್ಥ ಆಗದ್ದೆಲ್ಲ ಮೋಸ!

ತಳಿತಜ್ಞೆ: ತೆನೆಗಾರರ ವಿಷಯ ಸರಿ, ಧಾಟಿ ಸರಿಯಿಲ್ಲ. ಆ ಹತ್ತು ಭಾಗದಲ್ಲಿ ಮಿಡ್ಜ್ ತಿನ್ನೋ ಪರಾವಲಂಬಿ ಕಣಜವೂ ಉಳಿಯುತ್ತೆ. ಮನೆಬೀಜ ಇಟ್ಟು ಬಿತ್ತುತ್ತಾ ಹೋದರೆ ಪ್ರಮಾಣ ಏರುಪೇರಾಗುತ್ತೆ, ಅದಕ್ಕೇ ಪ್ರಮಾಣೀಕೃತ ಬೀಜದ ನಂತರ ಒಂದೇ ತಲೆಮಾರು ಅಂತ ನಿಯಮ. ಇಲ್ಲಿಗೆ ನಿಲ್ಲಿಸಿ.

ಗಟ್ಟಿಕಾಂಡ: ಕಾಂಡ ಕೊರೆಯೋ ಗರಗಸ ನೊಣಕ್ಕೆ ಗಟ್ಟಿ ಕಾಂಡ ಆಯ್ಕೆ ಮಾಡ್ತಿದ್ದೀವಿ. ಹೋದ ಹಂಗಾಮಲ್ಲಿ 22 ಅಂಕ ಬಂದ ಸಾಲು ಈ ಸಲ 13. ಬೀಜ ಬೆರಕೆ ಆಗಿದೆಯಾ?

ತಳಿತಜ್ಞೆ: ಕಾಂಡ ಉದ್ದವಾಗೋ ಹೊತ್ತಲ್ಲಿ ಮೋಡ ಇತ್ತಾ, ಅಥವಾ ದಟ್ಟವಾಗಿ ಬಿತ್ತಿದ್ರಾ? ನೆರಳಾದರೆ ಒಳಗಿನ ತಿರುಳು ತುಂಬಲ್ಲ. ಐದು ಗೆಣ್ಣಿನ ನಡುವಂತರಕ್ಕೆ 1ರಿಂದ 5ರಂತೆ ಕೊಡ್ತೀರಲ್ಲ, 25ಕ್ಕೆ ಬಂದ ಒಟ್ಟು ಅಂಕ ಮಾತ್ರ ಬರೀಬೇಡಿ, ಒಂದೊಂದನ್ನೂ ಬೇರೆ ಬರೆಯಿರಿ. ಗಟ್ಟಿ ಚೆಕ್ ಕೂಡ ಇಳಿದಿದ್ದರೆ ಹವೆ. ನಿಮ್ಮ ಸಾಲು ಮಾತ್ರ ಇಳಿದಿದ್ದರೆ ಬೆರಕೆ ಅನುಮಾನಿಸಿ.

ಕಾಳುಕಡ್ಡಿ: ನಿರೋಧಕ ಅಂತ ಕೊಟ್ಟದ್ದೆಲ್ಲ ಕೆಲವೇ ವರ್ಷದಲ್ಲಿ ಕೆಡುತ್ತೆ. ಇದಕ್ಕೆ ಉತ್ತರ ಕೊಡಿ.

ತಳಿತಜ್ಞೆ: ಎಲ್ಲ ಅಲ್ಲ. ಕೆಡೋದೂ ಉಂಟು. ರಷ್ಯನ್ ಗೋಧಿ ಹೇನಿಗೆ ಡಿಎನ್4 ವಂಶವಾಹಿ ಇದ್ದ ತಳಿಗಳನ್ನ ಮೀರಿದ ಬಯೋಟೈಪ್ (ಹೇನಿನ ಬೇರೆ ಬಗೆ) 2003ರಲ್ಲಿ ಕೊಲೊರಾಡೋದಲ್ಲಿ ಸಿಕ್ತು. ಒಂದೇ ವಂಶವಾಹಿಯ ಮೇಲೆ ಭಾರ ಹಾಕಿದರೆ ಹೀಗಾಗುತ್ತೆ.

ನಾಟಿಗಾರ: ಬ್ಯಾಕ್‌ಕ್ರಾಸ್‌ನಲ್ಲಿ (ಒಳ್ಳೆ ತಳಿ ಜತೆ ಮತ್ತೆ ಮತ್ತೆ ಕ್ರಾಸ್ ಮಾಡೋದು) ಪ್ರತಿ ಸುತ್ತಿಗೆ ಎಷ್ಟು ಗಿಡ ಬೇಕು ಮೇಡಂ?

ತಳಿತಜ್ಞೆ: ಒಂದು ಪ್ರಬಲ ವಂಶವಾಹಿಗೆ 7 ಗಿಡ ಇದ್ದರೆ ಕನಿಷ್ಠ ಒಂದರಲ್ಲಾದರೂ ಇರೋ ಸಾಧ್ಯತೆ ಶೇ. 99. ಆದರೆ 7ಕ್ಕೇ ನಿಂತರೆ ಜತೆಗಂಟಿದ ಕೆಟ್ಟ ಗುಣ ಬಿಡಿಸೋಕೆ ಆಯ್ಕೆ ಉಳಿಯಲ್ಲ. ಹೂವಿಗೆ ಮೊದಲೇ ಸಸಿಯಲ್ಲಿ ಪರೀಕ್ಷಿಸಿ, ಉಳಿದದ್ದನ್ನ ಕ್ರಾಸ್ ಮಾಡಿ.

ಹಸಿರೆಲೆ: ಗಿಡಹೇನು ಮೇಡಂ. ತಳಿ ಹೆಸರು?

ನಾಟಿಗಾರ: ರೈ ಬೆಳೆಯಿಂದ ಬಂದ ಡಿಎನ್7 ವಂಶವಾಹಿ ಹಾಕಿದರೆ ಹಿಟ್ಟಿನ ಗುಣ ಕೆಡುತ್ತೆ ಅಂತಾರೆ, ಅದನ್ನ ಬಿಡಿಸೋದು ಹೇಗೆ?

ಟ್ರೇ ಏಳು: ಮೇಡಂ, 10 ಗಿಡ ಬಿಡಿಸಿ ನೋಡಿದೆ. 6ರಲ್ಲಿ ಕೆಂಪು ಹುಳು ಸತ್ತಿವೆ. 4ರಲ್ಲಿ ಏನೂ ಇಲ್ಲ, ನಾಲ್ಕೂ ನಡುಸಾಲಿನವು.

ತಳಿತಜ್ಞೆ: ಹಾಗಾದರೆ ನಡುಸಾಲು ಪೂರ್ತಿ ಬಿಡಿಸಿ ನೋಡಿ. ಆ 4ಕ್ಕೂ ಎಫ್3 ತೆಗೀರಿ, ಬಿಸಾಡಬೇಡಿ. ಸಾಲು ಸಾಲಾಗಿ ಲೆಕ್ಕ ಬರೆದು ಕಳಿಸಿ.