ಸಹಾಯ ಬೇಕು: ಹಳೇ ರ‍್ಯಾಲಿಗೆ 26 ಥ್ರೆಡ್ಡಿನ ಬಾಟಮ್ ಬ್ರ್ಯಾಕೆಟ್ (ಬಿ.ಬಿ.) ಕಪ್

ನಮಸ್ಕಾರ್ರಿ. ನಾಟಿಂಗ್‌ಹ್ಯಾಮ್‌ದಾಗ ತಯಾರಾದ 28 ಇಂಚಿನ ರ‍್ಯಾಲಿ ಸೈಕಲ್, ರಾಡ್ ಬ್ರೇಕಿಂದು, ಪೂರ್ತಿ ಬಿಚ್ಚೀನಿ. ಫ್ರೇಮ್ ನೆಟ್ಟಗೈತಿ. ತೊಡಕು ಇರೋದು ಬಿ.ಬಿ. (ಫ್ರೇಮಿನ ಕೆಳಗ ಪೆಡಲ್ ಕ್ರ್ಯಾಂಕ್ ತಿರುಗೋ ಜಾಗ) ಎಕ್ಸಲ್‌ನ ಎಡಗಡೆ ಕಪ್ಪಿಗೆ. ಬೇರಿಂಗ್ ಗುಂಡು ಓಡೋ ದಾರ್ಯಾಗ ಮೂರು ಕಡೆ ಕುಳಿ ಬಿದ್ದಾವ. ಎಕ್ಸಲ್ ಬೆರಳಿಲೆ ತಿರುವಿದ್ರ ಅದೇ ಜಾಗಕ್ಕ ಕರ್ ಅಂತ ತಡೀತೈತಿ.

ಹುಬ್ಬಳ್ಳಿ ಪ್ಯಾಟ್ಯಾಗ ಸಿಗೋ ಕಪ್ ಹಾಕಿದ್ರ ಒಂದೂವರೆ ಸುತ್ತು ಹೋಗಿ ಬಿಗಿ ಆಗತೈತಿ. ಥ್ರೆಡ್ ಗೇಜ್ ಇಟ್ಟು ನೋಡಿದ್ರ ಫ್ರೇಮಿಂದು ಇಂಚಿಗೆ 26 ಹಲ್ಲು, ಹೊಸಾ ಕಪ್ಪಿಂದು 24. ವ್ಯಾಸ ಹೆಚ್ಚುಕಮ್ಮಿ ಒಂದೇ, ಅದಕ್ಕ ಮೊದಲನೇ ಸುತ್ತು ಸರಿ ಅನಸ್ತೈತಿ. ಇಂಥಾದ್ರಾಗ ಯಾರೂ ಪಾನಾ ಹಚ್ಚಿ ಒತ್ತಾಯ ಮಾಡಬ್ಯಾಡ್ರಿ, ಫ್ರೇಮಿನ ಥ್ರೆಡ್ ಹಾಳಾಗತಾವ. 24ರ ಟ್ಯಾಪ್ (ಒಳಗ ಥ್ರೆಡ್ ಕೊರಿಯೋ ಹತಾರ) ಹೊಡಸ್ರಿ ಅಂತ ಇಬ್ಬರು ಮಿಸ್ತ್ರಿಗಳು ಹೇಳಿದ್ರು. ಹಳೇ ಹಲ್ಲಿನ ಮ್ಯಾಲೆ ಹೊಸ ಹಲ್ಲು ಅಡ್ಡ ಬಂದು ಎರಡೂ ಕೆಡತಾವ, ಅದನ್ನ ಮಾಡಂಗಿಲ್ಲ. ಹೊಸಾ 1/4 ಇಂಚಿನ ಗುಂಡು, ಒಂದೊಂದು ಕಡೆಗೆ 11ರಂಗ, ದಪ್ಪ ಗ್ರೀಸ್ ಹಾಕಿ ನೋಡಿದ್ರೂ ಕುಳಿ ಕುಳೀನ. ಬಲಗಡೆ ಕಪ್, ಎಕ್ಸಲ್, ಕ್ರ್ಯಾಂಕ್ ಬಿಗಿ ಹಿಡಿಯೋ 9.5 ಎಂಎಂ ಕಾಟರ್ ಪಿನ್ ಚಲೋ ಅದಾವ.

ಲೇಥ್‌ನಾಗ ಮಾಡಸೋಣಂದ್ರ ಗುಂಡು ಓಡೋ ಜಾಗ ಗಟ್ಟಿ ಆಗಬೇಕು, ಕಾಸಿ ತಣಸೂಮುಂದ ಥ್ರೆಡ್ ಸೊಟ್ಟ ಆಗಬಾರದು. ಸಿಕ್ಕೊಂಡಿದ್ದು ಇಲ್ಲೇ.

ಭಾರತದಾಗ ತಯಾರಾಗತಿದ್ದ ಹಳೇ ಸೆನ್-ರ‍್ಯಾಲಿ ಕಪ್ಪಿನ ಥ್ರೆಡ್ ಗೇಜ್ ಇಟ್ಟು ಅಳದವರು ಅದೀರೇನ್ರಿ, 26 ಐತೋ 24 ಐತೋ? ಇಲ್ಲಂದ್ರ ಗೋಕುಲ ರೋಡ್ ಕಡೆ, ಇಲ್ಲಾ ಗದಗದಾಗ, 26ರ ಥ್ರೆಡ್ ಕೊರದು ಹಾರ್ಡನಿಂಗ್ ಮಾಡಿಕೊಡೋರು ಯಾರದಾರ, ಯಾವ ಸ್ಟೀಲ್ ಕೇಳಬೇಕು?