ಬಿಪಿ ನಾರ್ಮಲ್ ಇದ್ದರೂ ಉಪ್ಪು ರಕ್ತನಾಳ ಕೆಡಿಸುತ್ತಾ? ಪೊಟ್ಯಾಸಿಯಂ ತಡೆಯುತ್ತಾ?

ಪ್ರಶ್ನೆ: ನಡಿಗೆ_44

ನನಗೆ 44 ವರ್ಷ. ಒಂದು ತಿಂಗಳಿಂದ ಮನೆಯಲ್ಲೇ ಬಿಪಿ ನೋಡಿಕೊಳ್ಳುತ್ತಿದ್ದೇನೆ. ಬೆಳಿಗ್ಗೆ 118/76 ಆಸುಪಾಸು ಇರುತ್ತದೆ. ಆದರೆ ನನಗೆ ಉಪ್ಪು ಜಾಸ್ತಿ ಬೇಕು. ರುಚಿ ನೋಡುವ ಮೊದಲೇ ಕೈ ಉಪ್ಪಿನ ಡಬ್ಬಿಗೆ ಹೋಗುತ್ತದೆ. ಅಪ್ಪನಿಗೂ ಇದೇ ಅಭ್ಯಾಸ ಇತ್ತು. 58ಕ್ಕೆ ಅವರಿಗೆ ಸ್ಟ್ರೋಕ್ ಆಯಿತು, ಎಡಗೈ ಇನ್ನೂ ಸರಿಯಾಗಿಲ್ಲ. ಹಾಗಾಗಿ ಭಯ.

ಬಿಪಿ ಏರದಿದ್ದರೂ ಉಪ್ಪಿನಿಂದ ರಕ್ತನಾಳಕ್ಕೆ ಪೆಟ್ಟು ಬೀಳುತ್ತದೆ, ಪೊಟ್ಯಾಸಿಯಂ ಅದನ್ನು ತಡೆಯುತ್ತದೆ ಅಂತ ಓದಿದೆ. ನಿಜವಾ? ದಿನಾ ಎರಡು ಬಾಳೆಹಣ್ಣು ತಿಂದರೆ ಸಾಕಾ, ಮಾತ್ರೆ ಬೇಕಾ?

ಉತ್ತರ: ಹಸಿರುಸೊಪ್ಪು

ನಾನು ಲೋ ಸೋಡಿಯಂ ಉಪ್ಪು (ಸೋಡಿಯಂ ಸ್ವಲ್ಪ ಕಡಿಮೆ ಮಾಡಿ ಪೊಟ್ಯಾಸಿಯಂ ಸೇರಿಸಿದ್ದು) ಬಳಸಲು ಶುರುಮಾಡಿ ಎಂಟು ತಿಂಗಳಾಯಿತು. ಮೊದಲ ವಾರ ನಾಲಿಗೆಯಲ್ಲಿ ಸ್ವಲ್ಪ ಕಹಿ ಉಳಿಯುತ್ತಿತ್ತು, ಈಗ ಗೊತ್ತೇ ಆಗಲ್ಲ. ನೀವೂ ಅದನ್ನೇ ತಂದುಬಿಡಿ, ಸುಲಭ.

ಉತ್ತರ: ಡಯಾಲಿಸಿಸ್ ಸಿಸ್ಟರ್

14 ವರ್ಷದಿಂದ ಡಯಾಲಿಸಿಸ್ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಪೊಟ್ಯಾಸಿಯಂ ಜೊತೆಗೇ ನನ್ನ ದಿನ ಕಳೆಯುವುದು. ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಓದಿದ್ದು ನಿಜ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದವರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಉಪ್ಪು ತಿಂದರೂ ಬಿಪಿ ಏರದ, ಆರೋಗ್ಯವಾಗಿರುವ ಜನರಿಗೆ ವಾರಗಟ್ಟಲೆ ಅಳತೆ ಮಾಡಿದ ಊಟ ಕೊಟ್ಟರು. ಆಮೇಲೆ ತೋಳಿನ ರಕ್ತನಾಳ ನೋಡಿದರು. ಪರೀಕ್ಷೆ ಸರಳ: ಮುಂಗೈಗೆ ಪಟ್ಟಿ ಬಿಗಿದು ಐದು ನಿಮಿಷ ರಕ್ತ ತಡೆಯುತ್ತಾರೆ. ಬಿಟ್ಟ ತಕ್ಷಣ ರಕ್ತ ನುಗ್ಗುತ್ತದೆ. ಆಗ ನಾಳ ಎಷ್ಟು ಹಿಗ್ಗುತ್ತದೆ ಅಂತ ಸ್ಕ್ಯಾನ್‌ನಲ್ಲಿ ಅಳೆಯುತ್ತಾರೆ. ಉಪ್ಪು ಜಾಸ್ತಿ ತಿಂದ ವಾರ ಹಿಗ್ಗುವುದು ಕಡಿಮೆಯಾಯಿತು. ಅಷ್ಟೇ ಉಪ್ಪಿನ ಜೊತೆ ಪೊಟ್ಯಾಸಿಯಂ ಹೆಚ್ಚಿಸಿದಾಗ ನಷ್ಟ ತಗ್ಗಿತು. ಆದರೆ ಉಪ್ಪು ಕಡಿಮೆ ತಿಂದ ವಾರದಷ್ಟು ಚೆನ್ನಾಗಿ ಹಿಗ್ಗಲಿಲ್ಲ. ನೀವು ಹಿಡಿದುಕೊಳ್ಳಬೇಕಾದ ಮಾತು ಇದೇ. ಪೊಟ್ಯಾಸಿಯಂ ಪೆಟ್ಟನ್ನು ಮೆತ್ತಗೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ.

ಹೇಗೆ ಅಂದರೆ, ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತದೆ. ಅದರಿಂದಲೇ ನಾಳ ಸಡಿಲವಾಗುವುದು. ಉಪ್ಪಿನಲ್ಲಿರುವ ಸೋಡಿಯಂ ಆ ಪದರವನ್ನು ಬಿರುಸಾಗಿಸುತ್ತದೆ, ಪೊಟ್ಯಾಸಿಯಂ ಮೃದುವಾಗಿಸುತ್ತದೆ. ಜರ್ಮನಿಯ ಮ್ಯೂನ್‌ಸ್ಟರ್‌ನ ವಿಜ್ಞಾನಿಗಳು ಇದನ್ನು ಜೀವಕೋಶಗಳಲ್ಲೇ ಅಳೆದು ತೋರಿಸಿದ್ದಾರೆ. ಇನ್ನೊಂದು ಕೆಲಸ ಕಿಡ್ನಿಯಲ್ಲಿ. ಊಟದಲ್ಲಿ ಪೊಟ್ಯಾಸಿಯಂ ಕಡಿಮೆಯಾದರೆ ಕಿಡ್ನಿ ಸೋಡಿಯಂ ಬಿಡದೆ ಹಿಡಿದುಕೊಳ್ಳುತ್ತದೆ. ಜಾಸ್ತಿಯಾದರೆ ಮೂತ್ರದಲ್ಲಿ ಬಿಟ್ಟುಕೊಡುತ್ತದೆ.

ಎರಡು ಬಾಳೆಹಣ್ಣು ಸಾಲದು. ಒಂದರಲ್ಲಿ ಸುಮಾರು 400 ಮಿಲಿಗ್ರಾಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಕನಿಷ್ಠ 3510 ಮಿಲಿಗ್ರಾಂ ಅನ್ನುತ್ತದೆ. ಕಾಳು, ಸೊಪ್ಪು, ಆಲೂಗಡ್ಡೆ, ಹಣ್ಣು ಎಲ್ಲವೂ ಸೇರಬೇಕು. ಬೇಯಿಸಿದ ನೀರು ಚೆಲ್ಲಬೇಡಿ, ಪೊಟ್ಯಾಸಿಯಂ ಅದರಲ್ಲೇ ಇಳಿದಿರುತ್ತದೆ. (ನಮ್ಮ ರೋಗಿಗಳಿಗೆ ಇದರ ಉಲ್ಟಾ ಹೇಳುತ್ತೇವೆ, ನೀರು ಬಸಿದು ಚೆಲ್ಲಿ ಅಂತ.) ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ.

ಮಾತ್ರೆ ನೀವಾಗಿ ತೆಗೆದುಕೊಳ್ಳಲೇಬೇಡಿ.

ಹಸಿರುಸೊಪ್ಪು ಅವರೇ, ನೀವು ಹೇಳಿದ ಉಪ್ಪಿನ ಬಗ್ಗೆ ಗಟ್ಟಿ ಆಧಾರ ಇದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಅಧ್ಯಯನ ನಡೆಯಿತು. ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಬಳಸಿದವರಲ್ಲಿ ಸ್ಟ್ರೋಕ್ 14% ಕಡಿಮೆಯಾಯಿತು. 2021ರಲ್ಲಿ ಪ್ರಕಟವಾಗಿದೆ. ಆದರೆ "ತಂದುಬಿಡಿ" ಅಂತ ಎಲ್ಲರಿಗೂ ಹೇಳುವ ಹಾಗಿಲ್ಲ. ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಒಬ್ಬ ಅಜ್ಜಿಯನ್ನು ಕರೆತಂದರು. ಕೈಕಾಲಿನಲ್ಲಿ ಶಕ್ತಿಯೇ ಇರಲಿಲ್ಲ, ಎದೆಬಡಿತ ನಿಧಾನ. ರಕ್ತದಲ್ಲಿ ಪೊಟ್ಯಾಸಿಯಂ 7.1. ಇರಬೇಕಾದ್ದು 3.5ರಿಂದ 5. ಕಿಡ್ನಿ ಮೊದಲೇ ಸೋತಿತ್ತು, ಪೊಟ್ಯಾಸಿಯಂ ಸರಿಯಾಗಿ ಹೊರಹಾಕುತ್ತಿರಲಿಲ್ಲ. ಅವರಿಗೆ ಅದು ಗೊತ್ತಿರಲಿಲ್ಲ. ಬಿಪಿಗೆ ಒಳ್ಳೆಯದು ಅಂತ ಮಗ ಪ್ರೀತಿಯಿಂದ ಈ ಉಪ್ಪು ತಂದುಕೊಟ್ಟಿದ್ದ. ಅಜ್ಜಿ ಉಳಿದರು. ಆ ಮಗ ಹೊರಗೆ ಗೋಡೆಗೆ ಒರಗಿ ನಿಂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ನಡಿಗೆ_44

ಸಿಸ್ಟರ್, ತುಂಬಾ ಥ್ಯಾಂಕ್ಸ್. ಇವತ್ತು ಆ ಉಪ್ಪು ತರಬೇಕು ಅಂತಲೇ ಇದ್ದೆ. ಅಪ್ಪ ನಮ್ಮ ಜೊತೆಗೇ ಇದ್ದಾರೆ, ಎಲ್ಲರಿಗೂ ಒಂದೇ ಅಡುಗೆ. ಅವರು ಬಿಪಿಗೆ ಟೆಲ್ಮಿಸಾರ್ಟಾನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ತೊಂದರೆ ಇದೆಯಾ?

ಡಯಾಲಿಸಿಸ್ ಸಿಸ್ಟರ್

ಹೇಳಿದ್ದು ಒಳ್ಳೆಯದಾಯಿತು. ಆ ಮಾತ್ರೆ ದೇಹದಲ್ಲಿ ಪೊಟ್ಯಾಸಿಯಂ ಉಳಿಸುತ್ತದೆ. ಹಾಗಾಗಿ ಈಗ ಆ ಉಪ್ಪು ತರಬೇಡಿ. ಮಾತ್ರೆಯನ್ನೂ ನಿಲ್ಲಿಸಬೇಡಿ. ಅಪ್ಪನಿಗೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ), ಪೊಟ್ಯಾಸಿಯಂ ಎರಡೂ ಪರೀಕ್ಷೆ ಮಾಡಿಸಿ, ರಿಪೋರ್ಟ್ ಡಾಕ್ಟರಿಗೆ ತೋರಿಸಿ ಕೇಳಿ. ಅಲ್ಲಿಯವರೆಗೆ ಅಡುಗೆಗೆ ಹಾಕುವ ಉಪ್ಪನ್ನೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಬನ್ನಿ. ಕೆಲವು ವಾರದಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಉಪ್ಪಿನ ಡಬ್ಬಿ ಊಟದ ಜಾಗದಲ್ಲಿ ಇಡಬೇಡಿ, ಅಡುಗೆಮನೆಯಲ್ಲೇ ಇರಲಿ.